ದೋಣಿ ಚಿಕ್ಕದು, ದೂರ ಯಾರದು?

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ‘ಪ್ಲೇನ್ ಡೀಲರ್’ ಪತ್ರಿಕೆಯಲ್ಲಿ ರಾಬರ್ಟ್ ಮ್ಯಾನ್ರಿ ಎಂಬ ಉಪಸಂಪಾದಕರೊಬ್ಬರಿದ್ದರು. ಬೇರೆಯವರು ಬರೆದದ್ದನ್ನು ತಿದ್ದಿ, ತಲೆಬರಹ ಕೊಟ್ಟು, ಪುಟಕ್ಕೆ ಹೊಂದಿಸುವುದು ಅವರ ಕೆಲಸ. ಇಂಥವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುವುದು ಅಪರೂಪ. ಆ ಮಟ್ಟಿಗೆ ಎಲ್ಲ ದೇಶಗಳೂ ಒಂದೇ. 1958ರಲ್ಲಿ ಮ್ಯಾನ್ರಿ 160 ಡಾಲರ್ ಕೊಟ್ಟು ಹಳೆಯದೊಂದು ಮರದ ಹಾಯಿದೋಣಿ ಕೊಂಡರು. ಅದರ ಉದ್ದ 13.5 ಅಡಿ, ಅಂದರೆ ನಮ್ಮ ಮನೆಗಳ ಒಂದು ಸಾಧಾರಣ ಕೋಣೆಯಷ್ಟು. ವಯಸ್ಸು ಆಗಲೇ ಸುಮಾರು 30 ವರ್ಷ. ಅದನ್ನು ದುರಸ್ತಿ ಮಾಡಿ, ಮಲಗಲು ಗೂಡಿನಂಥ ಒಂದು ಪುಟ್ಟ ಕೋಣೆ ಕಟ್ಟಿ, ‘ಟಿಂಕರ್‌ಬೆಲ್’ ಎಂದು ಹೆಸರಿಟ್ಟರು. ಊರಿನ ಪಕ್ಕದ ಎರಿ ಸರೋವರದಲ್ಲಿ ಹೆಂಡತಿ ಮಕ್ಕಳೊಡನೆ ಕೆಲವು ವರ್ಷ ಓಡಾಡಿದರು.

1965ರ ಜೂನ್ 1ರಂದು ಅದೇ ದೋಣಿಯಲ್ಲಿ, ಒಬ್ಬರೇ, ಅಮೆರಿಕದ ಮಸಾಚುಸೆಟ್ಸ್‌ನ ಫಾಲ್ಮತ್ ಬಂದರಿನಿಂದ ಹೊರಟು ಇಂಗ್ಲೆಂಡಿನ ಫಾಲ್ಮತ್ ಬಂದರಿನತ್ತ ಮುಖ ಮಾಡಿದರು. ಹೆಸರು ಒಂದೇ, ನಡುವೆ ಅಟ್ಲಾಂಟಿಕ್ ಸಾಗರ. ಹೊರಟ ಮರುದಿನ ಅವರಿಗೆ 47 ತುಂಬಿತು. ಸ್ನೇಹಿತರೊಬ್ಬರ ಜತೆ ದೊಡ್ಡದೊಂದು ದೋಣಿಯಲ್ಲಿ ಹೋಗುತ್ತಾರೆಂದೇ ಕಚೇರಿಯವರು ತಿಳಿದಿದ್ದರು. ಆ ಸ್ನೇಹಿತರು ಹಿಂಜರಿದ ಮೇಲೂ ಮ್ಯಾನ್ರಿ ಆ ನಂಬಿಕೆಯನ್ನು ತಿದ್ದಲಿಲ್ಲ. ತಿದ್ದುವುದೇ ಕಸುಬಾಗಿದ್ದವರು ಇದೊಂದನ್ನು ಬೇಕೆಂದೇ ತಿದ್ದದೆ ಬಿಟ್ಟರು. ನಿಜ ಗೊತ್ತಿದ್ದುದು ಹೆಂಡತಿ ವರ್ಜೀನಿಯಾಗೆ ಮತ್ತು ಹತ್ತಿರದ ಕೆಲವರಿಗೆ ಮಾತ್ರ.

ಈ ಮನುಷ್ಯ ಹುಟ್ಟಿದ್ದು ನಮ್ಮ ಮಸ್ಸೂರಿಯ ಪಕ್ಕದ ಲಾಂಡೂರಿನಲ್ಲಿ, 1918ರಲ್ಲಿ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ತಂದೆ ಕ್ರೈಸ್ತ ಮಿಷನ್ನಿನವರು, ಅಲಹಾಬಾದಿನ ಕಾಲೇಜಿನಲ್ಲಿ ಅಧ್ಯಾಪಕರು. ಸಾಗರ ದಾಟುವ ಕನಸಿನ ಬೀಜ ಬಿದ್ದದ್ದೂ ಹಿಮಾಲಯದ ತಪ್ಪಲಿನ ಶಾಲೆಯಲ್ಲೇ. ಅಲ್ಲಿಗೆ ಬಂದ ಜರ್ಮನ್ ಯಾತ್ರಿಕರೊಬ್ಬರು ಚಿಕ್ಕ ದೋಣಿಯ ಪಯಣದ ಕತೆ ಹೇಳಿದ್ದರಂತೆ.

ಆಗಸ್ಟ್ 17ರಂದು, 78 ದಿನಗಳ ನಂತರ, ಮ್ಯಾನ್ರಿ ಇಂಗ್ಲೆಂಡ್ ತಲುಪಿದರು. ಸಾಗಿದ ದೂರ ಸುಮಾರು 3,200 ಮೈಲಿ. ಭಾಗಿಸಿ ನೋಡಿದರೆ ದಿನಕ್ಕೆ 41 ಮೈಲಿ, ಗಂಟೆಗೆ ಎರಡಕ್ಕೂ ಕಡಿಮೆ. ನಾವು ಬೆಳಗ್ಗೆ ವಾಯುವಿಹಾರಕ್ಕೆ ಹೋಗುವಾಗ ಇದಕ್ಕಿಂತ ಬೇಗ ನಡೆಯುತ್ತೇವೆ.

ಇಷ್ಟು ನಿಧಾನವೇಕೆ? ಹಾಯಿ ದೊಡ್ಡದಾಗಿದ್ದರೆ, ಗಾಳಿ ಜೋರಾಗಿದ್ದರೆ ದೋಣಿ ಓಡಬೇಕಲ್ಲವೇ ಎಂದು ನೆಲದವರಾದ ನಮಗೆ ಅನ್ನಿಸುತ್ತದೆ. ಆದರೆ ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೊಂದು ಅಲೆ, ಹಿಂದೊಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಈ ಎರಡು ಅಲೆಗಳ ನಡುವಿನ ಅಂತರವೂ ಹೆಚ್ಚುತ್ತದೆ. ಅಂತರ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ತಾನೇ ತೋಡಿದ ಹಳ್ಳದಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಅದಕ್ಕಿಂತ ಬೇಗ ಹೋಗಬೇಕಾದರೆ ಎದುರಿನ ಅಲೆಯನ್ನು ಹತ್ತಬೇಕು. ಭಾರದ ದೋಣಿಗೆ ಅದು ಸಾಧ್ಯವಿಲ್ಲ. ಇದಕ್ಕೊಂದು ಸರಳ ಸೂತ್ರವಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗರಿಷ್ಠ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 25 ಅಡಿಗೆ 6.7 ನಾಟ್. 36 ಅಡಿಗೆ 8 ನಾಟ್. ಟಿಂಕರ್‌ಬೆಲ್‌ಗೆ 13 ಅಡಿ ಎಂದು ಉದಾರವಾಗಿ ಹಿಡಿದರೂ 4.8. ಹಗುರವಾದ ಪಂದ್ಯದ ದೋಣಿಗಳು ನೀರಿನ ಮೇಲೆ ಜಾರಿಕೊಂಡು ಈ ಮಿತಿಯನ್ನು ಮೀರುತ್ತವೆ. ಅನ್ನ, ನೀರು, ಹಾಸಿಗೆ ಹೊತ್ತ ಸಂಸಾರಿ ದೋಣಿಗಳು ಮೀರಲಾರವು.

ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲಿನ ಉದ್ದ ಸರಿಸುಮಾರು ಇಷ್ಟು. ಇಂಗ್ಲಿಷಿನಲ್ಲಿ ಆ ಪದಕ್ಕೆ ಗಂಟು ಎಂದೇ ಅರ್ಥ. ಹಿಂದೆ ಹಗ್ಗದ ತುದಿಗೆ ಮರದ ತುಂಡು ಕಟ್ಟಿ ನೀರಿಗೆ ಎಸೆದು, ಮರಳು ಗಡಿಯಾರ ಬರಿದಾಗುವುದರೊಳಗೆ ಎಷ್ಟು ಗಂಟುಗಳು ಕೈಯಿಂದ ಜಾರಿದವು ಎಂದು ಎಣಿಸುತ್ತಿದ್ದರು.

ಹೀಗಾಗಿ ಚಿಕ್ಕ ಹಾಯಿದೋಣಿಯ ಯಜಮಾನ ‘ಈ ವರ್ಷ ಎಷ್ಟು ದೂರ ಹೋಗಲಿ?’ ಎಂದು ಕೇಳಿಕೊಂಡಾಗ ಮೊದಲ ಉತ್ತರ ಕೊಡುವುದು ದೋಣಿಯೇ. ಆದರೆ ಸೂತ್ರ ಕೊಟ್ಟ ವೇಗವನ್ನು 24 ಗಂಟೆಯಿಂದ ಗುಣಿಸಿ ಕೂತರೆ ಮೋಸಹೋದಂತೆ. ಗಾಳಿ ಬೀಳುತ್ತದೆ, ದಿಕ್ಕು ಬದಲಿಸುತ್ತದೆ. ಗಾಳಿ ಬರುವ ಕಡೆಗೇ ಹೋಗಬೇಕಾದರೆ ನೇರವಾಗಿ ಹೋಗಲಾಗದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅರ್ಧ ಲಂಬಕೋನದಲ್ಲಿ ಓರೆಯಾಗಿ ಸಾಗಬೇಕು. ನಕ್ಷೆಯ 30 ಮೈಲಿ ಆಗ 42 ಮೈಲಿಯಾಗುತ್ತದೆ. ಒಬ್ಬರೇ ಇದ್ದರೆ ನಿದ್ದೆಯ ಲೆಕ್ಕವೂ ಸೇರಬೇಕು. ದೋಣಿಯಲ್ಲಿ 4 ನಾಟ್ ಸರಾಸರಿ ಸಿಕ್ಕರೆ ಎಂಟು ಗಂಟೆಯ ಹಗಲಿಗೆ 32 ಮೈಲಿ, ಹಗಲು ರಾತ್ರಿ ಎರಡೂ ಓಡಿಸಿದರೆ 96. ಸಾಗರಯಾನದ ಚಿಕ್ಕ ದೋಣಿಗಳವರು ‘ದಿನಕ್ಕೆ ನೂರು ಮೈಲಿ’ಯನ್ನು ಒಳ್ಳೆಯ ಗುರಿ ಎಂದು ಎಣಿಸುವುದು ಇದೇ ಕಾರಣಕ್ಕೆ. ಕರ್ನಾಟಕದ ಕರಾವಳಿಯ ಉದ್ದ 300 ಕಿಲೊಮೀಟರಿಗಿಂತ ತುಸು ಹೆಚ್ಚು. ಅಂಥ ದೋಣಿಗೆ ಅದು ಎರಡು ದಿನದ ದಾರಿ.

ಅನುಭವಸ್ಥರು ಗುರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಮೊದಲು ಸಂಜೆಯೊಳಗೆ ಅದೇ ಬಂದರಿಗೆ ವಾಪಸು. ಆಮೇಲೆ ಪಕ್ಕದ ಬಂದರು. ಆಮೇಲೆ ಒಂದು ರಾತ್ರಿ ನೀರಿನ ಮೇಲೆ. ಈ ರಾತ್ರಿಯ ಮೆಟ್ಟಿಲು ಮೈಲಿಯಲ್ಲಿ ಚಿಕ್ಕದಾದರೂ ಮನಸ್ಸಿಗೆ ಎಲ್ಲಕ್ಕಿಂತ ದೊಡ್ಡದು. ದಡದ ದೀಪ ಯಾವುದು, ಹಡಗಿನ ದೀಪ ಯಾವುದು ಎಂದು ತಿಳಿಯದೆ ಕಂಗೆಡುವುದು ಅಲ್ಲಿಯೇ. ಬ್ರಿಟನ್ನಿನಲ್ಲಿ 1954ರಲ್ಲಿ ಹಂಫ್ರಿ ಬಾರ್ಟನ್ ಎಂಬವರು ಓಷನ್ ಕ್ರೂಸಿಂಗ್ ಕ್ಲಬ್ ಸ್ಥಾಪಿಸಿದರು. ಸದಸ್ಯರಾಗಲು ಬೇಕಾದ ಯೋಗ್ಯತೆ ಒಂದೇ: 70 ಅಡಿ ಮೀರದ ದೋಣಿಯಲ್ಲಿ, ನಡುವೆ ಎಲ್ಲೂ ನಿಲ್ಲದೆ, 1,000 ನಾಟಿಕಲ್ ಮೈಲಿ ಅಂತರದ ಎರಡು ಬಂದರುಗಳ ನಡುವೆ ಸಾಗಿರಬೇಕು. ಅಂತರವನ್ನು ಅಳೆಯುವುದು ಬಂದರಿನಿಂದ ಬಂದರಿಗೆ, ಅತಿ ಹತ್ತಿರದ ದಾರಿಯಲ್ಲಿ. ಗಾಳಿಗೆ ಸಿಕ್ಕಿ ಸುತ್ತಾಡಿದ ಮೈಲಿಗಳಿಗೆ ಅಲ್ಲಿ ಬೆಲೆಯಿಲ್ಲ.

ಇಲ್ಲಿ ಒಂದು ಸಣ್ಣ ತಕರಾರೂ ಉಂಟು. ದೋಣಿಯ ಅಡಿಯಲ್ಲಿರುವ ಮಾಪಕ ನೀರಿನಲ್ಲಿ ಎಷ್ಟು ಸಾಗಿತು ಎಂದು ಹೇಳುತ್ತದೆ. ಉಪಗ್ರಹ ನೋಡಿ ಹೇಳುವ ಜಿಪಿಎಸ್ ನೆಲದ ಲೆಕ್ಕದಲ್ಲಿ ಹೇಳುತ್ತದೆ. 4 ನಾಟ್ ವೇಗದ ದೋಣಿಗೆ 2 ನಾಟ್ ಪ್ರವಾಹ ಎದುರಾದರೆ ಆರು ಗಂಟೆಯಲ್ಲಿ ಮೊದಲನೆಯದರ ಪ್ರಕಾರ 24 ಮೈಲಿ, ಎರಡನೆಯದರ ಪ್ರಕಾರ 12. ವರ್ಷದ ಕೊನೆಗೆ ದಿನಚರಿಯಲ್ಲಿ ಕೂಡಿಸುವುದು ಯಾವುದನ್ನು? ನೋಡುವವರು ಬೇರೆ ಯಾರೂ ಇಲ್ಲ. ಎರಡೂ ಸುಳ್ಳಲ್ಲ. ಒಂದನ್ನೇ ಕೊನೆಯವರೆಗೂ ಪಾಲಿಸಿದರೆ ಸಾಕು ಎಂದು ನನ್ನ ಅಭಿಪ್ರಾಯ.

ತಾನೇ ಗುರಿ ಹಾಕಿಕೊಂಡು ತಾನೇ ಸೋತು, ಅದನ್ನು ಮುಚ್ಚಿಡದೆ ಹೇಳಿದವರು ಸರ್ ಫ್ರಾನ್ಸಿಸ್ ಚಿಚೆಸ್ಟರ್. ಒಂದೇ ಕಡೆ ತಂಗಿ, ಒಂಟಿಯಾಗಿ ಭೂಮಿಯನ್ನು ಸುತ್ತಿ 1967ರಲ್ಲಿ ಪ್ರಸಿದ್ಧರಾದವರು. 1971ರಲ್ಲಿ, 69ರ ವಯಸ್ಸಿನಲ್ಲಿ, 20 ದಿನಗಳಲ್ಲಿ 4,000 ಮೈಲಿ, ದಿನಕ್ಕೆ 200ರಂತೆ, ಒಬ್ಬರೇ ಸಾಗಬೇಕೆಂದು ನಿಶ್ಚಯಿಸಿದರು. ಅವರ ಆ ದೋಣಿ ಚಿಕ್ಕದೇನಲ್ಲ, 57 ಅಡಿ. ಆಫ್ರಿಕದ ಪಶ್ಚಿಮ ತೀರದ ಬಿಸ್ಸಾವ್‌ನಿಂದ ಮಧ್ಯ ಅಮೆರಿಕದ ನಿಕರಾಗುವಾಕ್ಕೆ 22 ದಿನ ಹಿಡಿಯಿತು. ಪಂದ್ಯವಿರಲಿಲ್ಲ, ಎದುರಾಳಿಯಿರಲಿಲ್ಲ. ಸೋಲನ್ನೇ ವಿವರವಾಗಿ ಬರೆದು ಪುಸ್ತಕ ಮಾಡಿದರು.

ಇದಕ್ಕೆ ತೀರಾ ವ್ಯತಿರಿಕ್ತವಾದ ಕತೆ ಡೊನಾಲ್ಡ್ ಕ್ರೋಹರ್ಸ್ಟ್ ಅವರದು. 1968ರಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ, ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತುವ ಸ್ಪರ್ಧೆ ಘೋಷಿಸಿತು. ಮೊದಲು ಬಂದವರಿಗೆ ‘ಗೋಲ್ಡನ್ ಗ್ಲೋಬ್’ ಪಾರಿತೋಷಕ, ಅತಿ ಕಡಿಮೆ ದಿನ ತೆಗೆದುಕೊಂಡವರಿಗೆ 5,000 ಪೌಂಡ್. ಕ್ರೋಹರ್ಸ್ಟ್ ವಾರಾಂತ್ಯದ ನಾವಿಕ. ದೋಣಿಯವರಿಗಾಗಿ ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಅವರ ವ್ಯಾಪಾರ ಕುಸಿಯುತ್ತಿತ್ತು. ಹಣ ಹೂಡಿದವರೊಡನೆ ಆದ ಒಪ್ಪಂದದ ಪ್ರಕಾರ ಯಾತ್ರೆ ಕೆಟ್ಟರೆ ದೋಣಿಯನ್ನು ಅವರೇ ವಾಪಸು ಕೊಳ್ಳಬೇಕು. ಹಿಂದಿರುಗಿದರೆ ಮನೆಮಠ ಉಳಿಯುವುದಿಲ್ಲ. ಅರೆಬರೆ ಸಿದ್ಧವಾದ 40 ಅಡಿಯ ಮೂರೊಡಲಿನ ದೋಣಿಯಲ್ಲಿ, ಗಡುವಿನ ಕೊನೆಯ ದಿನ ಅಕ್ಟೋಬರ್ 31ರಂದು ಹೊರಟರು. ಕೆಲವೇ ವಾರಗಳಲ್ಲಿ ದೋಣಿ ಸೋರತೊಡಗಿತು. ದಕ್ಷಿಣ ಸಾಗರಕ್ಕೆ ಹೋದರೆ ಸಾವು, ಮನೆಗೆ ಹೋದರೆ ದಿವಾಳಿ.

ಡಿಸೆಂಬರಿನಲ್ಲಿ ಅವರಿಂದ ತಂತಿ ಬಂತು: ಒಂದೇ ದಿನ 243 ಮೈಲಿ! ಪತ್ರಿಕೆಗಳು ಕುಣಿದಾಡಿದವು. ಚಿಚೆಸ್ಟರ್ ಮಾತ್ರ ಸಂಶಯಪಟ್ಟರು. ಅಲ್ಲಿಂದ ಮುಂದೆ ಕ್ರೋಹರ್ಸ್ಟ್ ಅಟ್ಲಾಂಟಿಕ್ ಬಿಟ್ಟು ಹೋಗಲೇ ಇಲ್ಲ. ನಿಜವಾಗಿ ಎಲ್ಲಿದ್ದೇನೆ ಎಂಬುದು ಒಂದು ಲೆಕ್ಕ, ಲೋಕಕ್ಕೆ ಹೇಳಬೇಕಾದದ್ದು ಇನ್ನೊಂದು ಲೆಕ್ಕ. ಹೋಗದ ಜಾಗದಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿ ಕಾಣಬೇಕಿತ್ತು ಎಂದು ಹಿಂದುಮುಂದಾಗಿ ಗಣಿತ ಮಾಡಿ ಬರೆಯುವುದು ಪಯಣಕ್ಕಿಂತ ಕಷ್ಟದ ಕೆಲಸ. ಹಿಂದಿನವರು ಮುಂದೆ ಹೋದ ಮೇಲೆ ಅವರ ಹಿಂದೆ ಮೆಲ್ಲಗೆ ಸೇರಿಕೊಂಡು ಕೊನೆಯವರಾಗಿ ಮುಟ್ಟಿದರೆ ದಿನಚರಿಯನ್ನು ಯಾರೂ ಕೆದಕುವುದಿಲ್ಲ ಎಂಬುದು ಆಸೆ.

ಆದರೆ ಸುಳ್ಳು ಮೈಲಿ ನಿಜವಾದ ದೋಣಿಯನ್ನು ಮುಳುಗಿಸಿತು. ನೈಜೆಲ್ ಟೆಟ್ಲಿ ಎಂಬ ನೌಕಾಪಡೆಯ ಅಧಿಕಾರಿ ಆಗಲೇ ಭೂಮಿ ಸುತ್ತಿ ಮನೆಯ ಹಾದಿಯಲ್ಲಿದ್ದರು. ಕ್ರೋಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾರೆಂದು ನಂಬಿ, ಜರ್ಜರವಾದ ದೋಣಿಯನ್ನು ಬಿಗಿಯಾಗಿ ಓಡಿಸಿದರು. 1969ರ ಮೇ 21ರಂದು ಅದು ಒಡೆದು ಮುಳುಗಿತು. ಟೆಟ್ಲಿ ಬದುಕಿದರು. ಈಗ ಕ್ರೋಹರ್ಸ್ಟ್ ಗೆಲ್ಲಲೇಬೇಕಾದ, ಗೆದ್ದರೆ ದಿನಚರಿ ತೋರಿಸಲೇಬೇಕಾದ ಇಕ್ಕಟ್ಟಿಗೆ ಸಿಕ್ಕಿದರು. ಜುಲೈ 10ರಂದು ಹಡಗೊಂದಕ್ಕೆ ಅವರ ದೋಣಿ ಸಿಕ್ಕಿತು. ದಿನಚರಿಗಳು ಇದ್ದವು, ಮನುಷ್ಯ ಇರಲಿಲ್ಲ. ಜುಲೈ 1ರ ನಂತರ ಬರವಣಿಗೆ ಇಲ್ಲ.

ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಒಬ್ಬರೇ, ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ‘ಸುಹೈಲಿ’ 32 ಅಡಿಯದು, ಕಟ್ಟಿದ್ದು ಮುಂಬಯಿಯಲ್ಲಿ, ನಮ್ಮ ತೇಗದ ಮರದಿಂದ. ದಪ್ಪನೆಯ, ನಿಧಾನದ ದೋಣಿ. ಅದು ಗೆಲ್ಲಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ. 312 ದಿನಗಳಲ್ಲಿ 30,000 ಮೈಲಿಗೂ ತುಸು ಮೇಲೆ, ಅಂದರೆ ದಿನಕ್ಕೆ ಸರಾಸರಿ 96! ಹಿಂದೆ ಹೇಳಿದ ನೂರರ ಲೆಕ್ಕಕ್ಕೆ ಎಷ್ಟು ಹತ್ತಿರ ನೋಡಿ. ರೇಡಿಯೊ ಕೆಟ್ಟು ತಿಂಗಳುಗಟ್ಟಲೆ ಸುದ್ದಿಯೇ ಇರಲಿಲ್ಲ. ಮುಟ್ಟಿದವರು ಒಬ್ಬರೇ ಆದ್ದರಿಂದ 5,000 ಪೌಂಡ್ ಕೂಡ ಅವರಿಗೇ ಬಂತು. ಅದನ್ನು ಅವರು ಕ್ರೋಹರ್ಸ್ಟ್ ಅವರ ಹೆಂಡತಿ ಮಕ್ಕಳಿಗೆ ಕೊಟ್ಟರು. ಅದೇ ಪಂದ್ಯದಲ್ಲಿದ್ದ ಫ್ರಾನ್ಸಿನ ಬರ್ನಾರ್ಡ್ ಮೊಯಿತೆಸಿಯೆ ಹಣ ಗೆಲ್ಲುವ ಸ್ಥಿತಿಯಲ್ಲಿದ್ದಾಗಲೇ, ಕೇಪ್‌ಟೌನ್ ಬಳಿ ಹಡಗೊಂದರ ಮೇಲಕ್ಕೆ ಕವಣೆಯಿಂದ ಚೀಟಿ ಎಸೆದು, ಯೂರೋಪಿನ ಕಡೆ ತಿರುಗದೆ ಟಹೀಟಿ ದ್ವೀಪಕ್ಕೆ ಹೋಗಿಬಿಟ್ಟರು. ಅವರು ಹೆಚ್ಚು ದೂರ ಸಾಗಿದರು, ಪಂದ್ಯದ ಲೆಕ್ಕದಲ್ಲಿ ಸೋತರು.

ಐವತ್ತು ವರ್ಷದ ನಂತರ, 2018ರಲ್ಲಿ, ಅದೇ ಸ್ಪರ್ಧೆಯನ್ನು ಹಳೆಯ ಮಾದರಿಯಲ್ಲೇ ನಡೆಸಿದರು. ಸೇರಬೇಕಾದವರು 8,000 ಮೈಲಿ ಸಾಗರಯಾನದ ಅನುಭವ ತೋರಿಸಬೇಕಿತ್ತು. ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಸುಹೈಲಿಯದೇ ಪಡಿಯಚ್ಚಾಗಿ ಗೋವಾದಲ್ಲಿ ಕಟ್ಟಿದ ‘ತುರೀಯ’ದಲ್ಲಿ ಹೊರಟು, ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹಾಯಿಕಂಬ ಮುರಿದು ಬೆನ್ನೆಲುಬಿಗೆ ಪೆಟ್ಟಾಗಿ ಬಿದ್ದದ್ದು, ರಕ್ಷಣೆಯಾದದ್ದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತ್ತು. ಅವರೇ 2022ರಲ್ಲಿ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಟ್ಟಿದರು.

ಮತ್ತೆ ಮ್ಯಾನ್ರಿಯ ಕಡೆ ಬರೋಣ. ಅವರ 78 ದಿನಗಳು ಸುಖದವೇನಲ್ಲ. ಹಲವು ಬಾರಿ ಅಲೆ ಅವರನ್ನು ದೋಣಿಯಿಂದ ಕಿತ್ತೆಸೆಯಿತು. ಸೊಂಟಕ್ಕೆ ಕಟ್ಟಿದ ಹಗ್ಗ ಉಳಿಸಿತು. ನಿದ್ದೆಗೆಟ್ಟು, ಇಲ್ಲದ ಮನುಷ್ಯರು ದೋಣಿಯಲ್ಲಿ ಕಂಡರು, ಮಾತಾಡಿದರು. ಸದ್ದಿಲ್ಲದೆ ದಡ ಸೇರಿ ಹೆಂಡತಿಗೆ ಸುದ್ದಿ ಕಳಿಸುವುದು ಅವರ ಎಣಿಕೆಯಾಗಿತ್ತು. ಆದರೆ ದಾರಿಯಲ್ಲಿ ಕಂಡ ಹಡಗುಗಳಿಂದ ಸುದ್ದಿ ಹಬ್ಬಿತ್ತು. ಇಂಗ್ಲೆಂಡ್ ಇನ್ನೂ ನೂರಾರು ಮೈಲಿ ದೂರವಿರುವಾಗಲೇ ಕ್ಲೀವ್‌ಲ್ಯಾಂಡಿನ ಟೆಲಿವಿಷನ್ ವರದಿಗಾರರೊಬ್ಬರು ಮೀನುಗಾರಿಕೆ ದೋಣಿ ಬಾಡಿಗೆಗೆ ಹಿಡಿದು ಬಂದು ನಡುಗಡಲಲ್ಲೇ ಅವರನ್ನು ಸಂದರ್ಶಿಸಿದರು. ಮ್ಯಾನ್ರಿ ದುಡಿಯುತ್ತಿದ್ದ ಪತ್ರಿಕೆಗೇ ಅವರ ಸುದ್ದಿ ಮೊದಲು ಸಿಗಲಿಲ್ಲ! ಫಾಲ್ಮತ್ ಬಂದರಿನಲ್ಲಿ ನೂರಾರು ದೋಣಿಗಳು, ದಡದಲ್ಲಿ ಸಾವಿರಾರು ಜನ ಕಾದಿದ್ದರು.

ಮುಂದೆ ಅವರು ಇನ್ನೂ ಚಿಕ್ಕ ದೋಣಿ, ಇನ್ನೂ ದೊಡ್ಡ ಸಾಗರ ಎಂದು ಹೊರಡಲಿಲ್ಲ. 27 ಅಡಿಯ ‘ಕರ್ಲ್ಯೂ’ ಎಂಬ ದೋಣಿ ಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಅಮೆರಿಕದ ನದಿ, ಕರಾವಳಿ ಹಿಡಿದು ಸುಮಾರು ಒಂದು ವರ್ಷ ತಿರುಗಾಡಿದರು. 1971ರಲ್ಲಿ, 52ರ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಟಿಂಕರ್‌ಬೆಲ್ ಈಗ ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹದಲ್ಲಿದೆ.