ಪಹಣಿ ತಿದ್ದುವುದು ಒಂದೆಡೆ, ತೋರಿಸುವುದು ಹಲವೆಡೆ

ಹರದನಹಳ್ಳಿ ಹೋಬಳಿಯ ಅರಿಶಿನ ಬೆಳೆಗಾರರಿಗೆ ಪಹಣಿ ಬೇಕಾಗುವುದು ಮೇಲಿಂದ ಮೇಲೆ. ಬೆಳೆಸಾಲಕ್ಕೆ, ವಿಮೆಗೆ, ಪರಿಹಾರದ ಅರ್ಜಿಗೆ. ಅದರಲ್ಲಿ ಮಾಲೀಕರ ಹೆಸರು ಬದಲಾಗುವುದು ಮಾತ್ರ ಜಮೀನು ಮಾರಿದಾಗಲೋ, ಅಣ್ಣತಮ್ಮಂದಿರು ಭಾಗವಾದಾಗಲೋ. ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಓದುವವರು ಇನ್ನೂ ಹೆಚ್ಚಾದರು.

ಇಂಥ ಸೇವೆಯನ್ನು ಒಂದೇ ಡೇಟಾಬೇಸ್ ಮೇಲೆ ಹೊರಿಸಿದರೆ ಸಾಲದ ಹಂಗಾಮಿನಲ್ಲಿ ಅದು ಏದುಸಿರು ಬಿಡುತ್ತದೆ. ಅದಕ್ಕೇ ತಿದ್ದುಪಡಿಗೆಲ್ಲ ಒಂದು ಪ್ರೈಮರಿ, ಓದಿಗೆ ಹಲವು ರೆಪ್ಲಿಕಾ. ಪ್ರೈಮರಿಯಲ್ಲಿ ಆದ ಪ್ರತಿ ಬದಲಾವಣೆಯೂ ಒಂದು ಲಾಗ್‌ನಲ್ಲಿ ದಾಖಲಾಗುತ್ತದೆ. ಆ ಲಾಗ್ ರೆಪ್ಲಿಕಾಗಳಿಗೆ ಹರಿದುಹೋಗುತ್ತದೆ, ಅವು ಅದೇ ಕ್ರಮದಲ್ಲಿ ಅದನ್ನು ಜಾರಿ ಮಾಡುತ್ತವೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ 2010ರ 9.0 ಆವೃತ್ತಿಯಿಂದ ಈ ಸೌಲಭ್ಯ ಕೊಡುತ್ತಿದೆ.

ತೊಡಕಿರುವುದು ಆ ಹರಿವಿಗೆ ಹಿಡಿಯುವ ಹೊತ್ತಿನಲ್ಲಿ. ನಾಡಕಚೇರಿಯಲ್ಲಿ ಅರ್ಜಿ ಸೇರಿಸಿ ಗುಂಡಿ ಒತ್ತಿದರು ಎನ್ನಿ. ಬರಹ ಪ್ರೈಮರಿಗೆ ಹೋಯಿತು, ಮುಂದಿನ ಪುಟ ಮಾತ್ರ ರೆಪ್ಲಿಕಾದಿಂದ ಬಂತು. ‘ಅರ್ಜಿ ಇಲ್ಲ’ ಎಂದಿತು. ಮತ್ತೊಮ್ಮೆ ಒತ್ತಿದರೆ ಒಂದೇ ಜಮೀನಿಗೆ ಎರಡು ಅರ್ಜಿ! ಜಾಲತಾಣ ಕಟ್ಟುವ ರೈಲ್ಸ್ ಚೌಕಟ್ಟು 2019ರ 6ನೇ ಆವೃತ್ತಿಯಲ್ಲಿ ಇದಕ್ಕೊಂದು ಉಪಾಯ ತಂದಿತು. ಬರೆದವರ ಓದನ್ನು ಮುಂದಿನ 2 ಸೆಕೆಂಡು ಪ್ರೈಮರಿಗೇ ಕಳಿಸುವುದು. ನನ್ನ ಕಣ್ಣಿಗೆ ಇದು ಅಂದಾಜಿನ ಆಟ. ರೆಪ್ಲಿಕಾ 5 ಸೆಕೆಂಡು ಹಿಂದೆ ಬಿದ್ದರೆ ಉಪಾಯ ಕೈಕೊಡುತ್ತದೆ. ಬರಹ ಲಾಗ್‌ನ ಯಾವ ಜಾಗದಲ್ಲಿ ಬಿತ್ತೆಂದು ನೆನಪಿಟ್ಟು, ಅಲ್ಲಿವರೆಗೆ ತಲುಪಿದ ರೆಪ್ಲಿಕಾದಿಂದಷ್ಟೇ ಓದುವುದು ಮೇಲು.

ಖಾತೆ ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿಯ ಪರದೆಗಂತೂ ರೆಪ್ಲಿಕಾ ಬೇಡವೇ ಬೇಡ. ಈಗಷ್ಟೇ ದಾಖಲಾದ ತಕರಾರು ಅಲ್ಲಿ ಕಾಣದೆ ಹೋದೀತು. ಬ್ಯಾಂಕಿಗೆ ಒಯ್ಯುವ ಪ್ರತಿ ಅರೆಗಳಿಗೆ ಹಳತಾದರೆ ಸಾಮಾನ್ಯವಾಗಿ ನಷ್ಟವಿಲ್ಲ.

ರೆಪ್ಲಿಕಾ ಇದೆಯೆಂದು ಬ್ಯಾಕಪ್ ಬಿಡುವವರೂ ಉಂಟು. ತಪ್ಪಿ ಅಳಿಸಿದ್ದು ರೆಪ್ಲಿಕಾಗಳಲ್ಲೂ ಅಳಿಸಿಹೋಗುತ್ತದೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಪ್ರೈಮರಿ ಕೆಟ್ಟಾಗ ರೆಪ್ಲಿಕಾವನ್ನೇ ಪ್ರೈಮರಿ ಮಾಡಬಹುದು, ನಿಜ. ಅದೂ ಸಲೀಸಲ್ಲ. 2018ರ ಅಕ್ಟೋಬರಿನಲ್ಲಿ ಕೋಡ್ ಸಂಗ್ರಹಿಸುವ ತಾಣ ಗಿಟ್‌ಹಬ್‌ನ ಜಾಲಸಂಪರ್ಕ 43 ಸೆಕೆಂಡು ಕಡಿದಾಗ ತಂತ್ರಾಂಶ ತಾನಾಗಿಯೇ ಪಶ್ಚಿಮ ತೀರದ ರೆಪ್ಲಿಕಾಗಳನ್ನು ಪ್ರೈಮರಿ ಮಾಡಿತು. ಅಮೆರಿಕದ ಪೂರ್ವ ತೀರದಲ್ಲಿದ್ದ ಕೆಲವು ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ, ಪಶ್ಚಿಮದಲ್ಲಿ ಹೊಸ ಬರಹ ಬೀಳತೊಡಗಿತ್ತು. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.