ಅಮರಜಾ–ಅಮರ್ಜಾ: ಒಂದು ನದೀನಾಮದ ಪಾಠವಿಚಾರ

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿ ಹರಿದು, ಗಾಣಗಾಪುರದ ಬಳಿ ಭೀಮೆಯನ್ನು ಕೂಡುವ ಕಿರುನದಿಯ ಹೆಸರು ಎರಡು ರೂಪಗಳಲ್ಲಿ ದೊರೆಯುತ್ತದೆ. ಪೌರಾಣಿಕ ಗ್ರಂಥದಲ್ಲಿ ‘ಅಮರಜಾ’. ಆಡುನುಡಿಯಲ್ಲಿಯೂ ಕೊರಳ್ಳಿಯ ಜಲಾಶಯದ ಹೆಸರಿನಲ್ಲಿಯೂ ‘ಅಮರ್ಜಾ’. ಇವುಗಳಲ್ಲಿ ಮೂಲ ಯಾವುದು, ಮತ್ತೊಂದು ಹೇಗೆ ಹುಟ್ಟಿತು ಎಂಬುದು ಗ್ರಂಥಸಂಪಾದಕರಿಗೆ ಪಾಠನಿರ್ಣಯದ ಪ್ರಶ್ನೆಯೂ ಹೌದು.

ನಾಮಕರಣದ ಕಥೆ ಮರಾಠಿಯ ‘ಗುರುಚರಿತ್ರೆ’ಯಲ್ಲಿದೆ. ಇದರ ಕರ್ತೃ ಸರಸ್ವತೀ ಗಂಗಾಧರನು ಇದೇ ತಾಲೂಕಿನ ಕಡಗಂಚಿಯ ಸಾಯಂದೇವನ ವಂಶದವನು. ಮರಾಠಿ ತನ್ನ ನುಡಿಯಲ್ಲವೆಂದು ಆತನೇ ಹೇಳಿಕೊಂಡಿದ್ದಾನೆ; ಗ್ರಂಥದ ನಡುವೆ ಕನ್ನಡ ಪದಗಳೂ ಸೇರಿವೆ. ಸಂಗಮದ ತೀರ್ಥಗಳ ಮಹಿಮೆಯನ್ನು ಹೇಳುವಲ್ಲಿ, ಜಾಲಂಧರನೊಡನೆ ನಡೆದ ಯುದ್ಧದಲ್ಲಿ ಮಡಿದ ದೇವತೆಗಳನ್ನು ಬದುಕಿಸಲು ಇಂದ್ರನು ತಂದ ಅಮೃತದಲ್ಲಿ ಒಂದಂಶವು ಭೂಮಿಗೆ ಬಿದ್ದು ಈ ನದಿಯಾಯಿತೆಂದು ವರ್ಣಿತವಾಗಿದೆ.

ಶಬ್ದದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. ‘ಅಮರ’ವೆಂದರೆ ದೇವ; ಸುಧೆಗೆ ‘ಅಮೃತ’ವೆಂಬುದೇ ಪದ. ಅಮೃತದಿಂದ ಹುಟ್ಟಿದವಳು ‘ಅಮೃತಜಾ’ ಆಗಬೇಕು. ಕಾವೇರಿಗೆ ‘ಸಹ್ಯಜಾ’, ಯಮುನೆಗೆ ‘ಕಲಿಂದಜಾ’ ಎನ್ನುವಂತೆ ‘ಅಮರಜಾ’ ಎಂದರೆ ಅಮರರಿಂದ ಹುಟ್ಟಿದವಳು ಎಂದೇ ಅರ್ಥ. ಕಥೆ ಹೆಸರಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ಕಥೆಯೇ ಹೆಸರನ್ನು ಸೃಷ್ಟಿಸಿದ್ದರೆ ಈ ಅಂತರ ಉಳಿಯುತ್ತಿರಲಿಲ್ಲ. ಇದ್ದ ಹೆಸರಿಗೆ ಕಥೆ ಸೇರಿತೆಂಬ ಊಹೆಗೆ ಇದು ಪುಷ್ಟಿ ಕೊಡುತ್ತದೆ.

‘ಅಮರ್ಜಾ’ ರೂಪಕ್ಕೆ ಕಾರಣ ಉಚ್ಚಾರಣೆ ಮತ್ತು ಲಿಪಿ. ನಾಗರಿಯಲ್ಲಿ ‘ಅಮರಜಾ’ ಎಂದೇ ಬರೆದರೂ ಮರಾಠಿಯವರ ಬಾಯಲ್ಲಿ ‘ರ’ಕಾರದ ಅಕಾರ ಲೋಪವಾಗುತ್ತದೆ. 1948ರವರೆಗೆ ಈ ಪ್ರದೇಶವು ನಿಜಾಮರ ಆಳ್ವಿಕೆಯಲ್ಲಿದ್ದು, ಅಲ್ಲಿನ ಆಡಳಿತದಲ್ಲಿ ಬಳಕೆಯಲ್ಲಿದ್ದ ಉರ್ದು ಬರವಣಿಗೆಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಅದನ್ನು ಎರಡು ರೀತಿಯಲ್ಲಿಯೂ ಓದಬಹುದು. ಕನ್ನಡ ಲಿಪಿಯಾದರೋ ಭೇದವನ್ನು ಮರೆಮಾಡದು. ಕೇಳಿದಂತೆ ಬರೆದಾಗ ‘ರ್ಜ’ ಎಂಬ ಒತ್ತಕ್ಷರ ಮೂಡುತ್ತದೆ.

ಈ ಕಿರುನದಿ ಕೂಡುವ ಭೀಮೆಯ ಹೆಸರಿಗೆ ಕಾಲನಿರ್ದಿಷ್ಟವಾದ ಶಿಲಾಧಾರವಿದೆ. ಐಹೊಳೆಯ ಮೇಗುತಿ ಜಿನಾಲಯದಲ್ಲಿ ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634ರಲ್ಲಿ, ರವಿಕೀರ್ತಿಯು ರಚಿಸಿದ ಪ್ರಶಸ್ತಿಯಲ್ಲಿ ಅದು ‘ಭೈಮರಥೀ’. ಇಂದಿನ ‘ಭೀಮಾ’ ರೂಢಿಯೆಂದು ಆ ಪಾಠವನ್ನು ಯಾರೂ ತಿದ್ದುವುದಿಲ್ಲ. ಕಿರುನದಿಯ ಹೆಸರಿಗೂ ಅದೇ ನ್ಯಾಯ ಸಲ್ಲಬೇಕು.

ಆದುದರಿಂದ ಪ್ರತಿಯಲ್ಲಿ ‘ಅಮರಜಾ’ ಎಂದಿದ್ದರೆ ರೂಢಿಗೆ ಮಣಿದು ‘ಅಮರ್ಜಾ’ ಎನ್ನುವುದಾಗಲಿ, ಕಥೆಗೆ ಮಣಿದು ‘ಅಮೃತಜಾ’ ಎಂದು ತಿದ್ದುವುದಾಗಲಿ ಸಲ್ಲದು. ಮೊದಲನೆಯದು ಸಮಾಸವನ್ನು ಮರೆಸುತ್ತದೆ. ಎರಡನೆಯದು ಹೆಸರಿಗೂ ಕಥೆಗೂ ಇರುವ ಅಂತರವೆಂಬ ಸಾಕ್ಷ್ಯವನ್ನೇ ಅಳಿಸುತ್ತದೆ. ಸೂಚಿಯಲ್ಲಿ ಎರಡೂ ರೂಪಗಳನ್ನು ಕೊಟ್ಟು, ನದಿ ಒಂದೇ ಎಂದು ತೋರಿಸುವುದು ಯುಕ್ತ.