ಒಳಗೆ ನೋಡಬೇಕಾದ ದೋಣಿ

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಅನ್ನುವ ಮಾತು ನಮ್ಮ ಸೀಮೆಯಲ್ಲಿ ಬಳಕೆಯಲ್ಲಿದೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಗೆ ಬಂದು ಮರುಳಸಿದ್ಧೇಶ್ವರ ಗುಡಿಯನ್ನು ಬೀದಿಯಿಂದಷ್ಟೇ ಕಂಡು ಹೋದವರಿಗೆ ಅಲ್ಲಿನ ಕೆತ್ತನೆಯ ಸೊಬಗು ತಿಳಿಯುವುದೇ ಇಲ್ಲ. ಹಳೆಯ ಫೈಬರ್ ದೋಣಿ ಕೊಳ್ಳಲು ಹೊರಟವರಿಗೆ, ಅದರ ರಿಪೇರಿಗೆ ಕೈಹಾಕುವವರಿಗೆ ನಾನು ಮೊದಲು ಹೇಳುವುದು ಇದೇ ಮಾತು. ಮೈಗೆ ಹೊಸ ಬಣ್ಣ ಬಳಿದಿರಬಹುದು, ಅದು ಕನ್ನಡಿಯಂತೆ ಹೊಳೆಯುತ್ತಿರಬಹುದು. ರೋಗ ಇರುವುದು ಒಳಗೆ.

ತುಂಗಭದ್ರೆಯ ಹರಿಗೋಲಿಗೆ ಇಂಥ ಗುಟ್ಟಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗೆ ಹೆಣೆದು ಚರ್ಮ ಹೊದಿಸಿದ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಅದೇ. ತೂತಾದರೆ ನೀರು ನೇರ ಕಾಲಡಿಗೆ ಬಂದು ಹೇಳುತ್ತದೆ. ದಂಡೆಗೆಳೆದು ಬೋರಲು ಹಾಕಿ, ಬಿಸಿಲಿಗೆ ಒಣಗಿಸಿ, ಡಾಂಬರು ಬಳಿದರೆ ಮತ್ತೆ ನದಿಗಿಳಿಯುತ್ತದೆ. ಪ್ರತಿಸಲ ಪೂರ್ತಿ ಒಣಗುವುದೇ ಅದರ ಆಯುಸ್ಸಿನ ಗುಟ್ಟು ಎಂದು ನನಗನ್ನಿಸುತ್ತದೆ.

ಫೈಬರ್ ದೋಣಿಯ ಕಥೆ ಬೇರೆ. ಗಾಜನ್ನು ಕರಗಿಸಿ ಕೂದಲಿಗಿಂತ ತೆಳುವಾದ ಎಳೆ ತೆಗೆದು, ಆ ಎಳೆಗಳ ಹಾಸನ್ನು ರಾಳದಲ್ಲಿ ನೆನೆಸಿ ಗಟ್ಟಿಯಾಗಿಸಿದರೆ ಫೈಬರ್‌ಗ್ಲಾಸ್. ಅಮೆರಿಕದ ಓಹಾಯೊದಲ್ಲಿ ರೇ ಗ್ರೀನ್ 1942ರಲ್ಲಿ ಇದರಿಂದ ದೋಣಿ ಕಟ್ಟಿದ. ಇದಕ್ಕೆ ತುಕ್ಕಿಲ್ಲ, ಗೆದ್ದಲಿಲ್ಲ. ಹಾಗಿದ್ದರೆ ಕೊಳೆಯುವುದೇನು? ಒಳಗಿಟ್ಟ ಮರ.

ಔಟ್‌ಬೋರ್ಡ್ ಎಂಜಿನ್ ತೂಗುಹಾಕುವ ಹಿಂಬದಿಯ ಅಡ್ಡಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಎಂಜಿನ್ನಿನ ಭಾರ, ಅದು ದೋಣಿಯನ್ನು ನೂಕುವ ಬಲ, ಎರಡನ್ನೂ ಈ ಗೋಡೆಯೇ ತಾಳಬೇಕು. ಬರಿಯ ಗಾಜಿನ ಪದರ ಬಾಗುತ್ತದೆ. ಅದಕ್ಕೇ ಹೋಳಿಗೆಯ ಹೂರಣದಂತೆ ಎರಡು ಪದರಗಳ ನಡುವೆ ಪ್ಲೈವುಡ್ ಇಡುತ್ತಾರೆ. ಎಷ್ಟೋ ದೋಣಿಗಳ ಡೆಕ್ಕನ್ನೂ ಹೀಗೆಯೇ ಕಟ್ಟಿರುತ್ತಾರೆ. ಒಂದೇ ವಸ್ತುವಿನ ಹಲಗೆಯ ದಪ್ಪ ಎರಡು ಪಟ್ಟಾದರೆ ಬಾಗದಿರುವ ಗುಣ ಎಂಟು ಪಟ್ಟಾಗುತ್ತದೆ. ನಡುವೆ ಹಗುರವಾದ ಮರವಿಟ್ಟು ಗಾಜಿನ ಪದರಗಳನ್ನು ದೂರ ನಿಲ್ಲಿಸುವುದರ ಹಿಂದಿರುವುದು ಈ ಲೆಕ್ಕವೇ. ಆದರೆ ಪದರಗಳೂ ಮರವೂ ಒಂದಕ್ಕೊಂದು ಅಂಟಿರುವತನಕ ಮಾತ್ರ ಆ ಬಲ. ಅಂಟು ಬಿಟ್ಟ ದಿನ ಪದರಗಳು ಒಂಟಿಯಾಗಿ ಬಾಗತೊಡಗುತ್ತವೆ.

ಅಂಟು ಬಿಡಿಸುವುದು ಒಂದು ಸ್ಕ್ರೂ ತೂತು. ಏಣಿಗೋ ಹಗ್ಗದ ಗೂಟಕ್ಕೋ ಕೊರೆದ ತೂತಿಗೆ ಸೀಲು ಸರಿಯಿಲ್ಲದಿದ್ದರೆ ನೀರು ಪ್ಲೈವುಡ್ಡಿನ ಅಂಚಿಗೆ ತಾಗುತ್ತದೆ. ಮರದ ಸೂಕ್ಷ್ಮ ನಾಳಗಳು ಅದನ್ನು ದೀಪದ ಬತ್ತಿ ಎಣ್ಣೆ ಹೀರಿದಂತೆ ಹೀರುತ್ತವೆ. ಎರಡೂ ಕಡೆ ಗಾಜಿನ ಗೋಡೆ, ಆರಲು ದಾರಿಯಿಲ್ಲ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಬದುಕು ಕಷ್ಟ. ಶೇ 30ರ ಹತ್ತಿರ ಹೋದರೆ ಅದಕ್ಕೆ ಹಬ್ಬ. ಮರಕ್ಕೆ ಬಲ ಕೊಡುವ ಸೆಲ್ಯುಲೋಸನ್ನು ತಿಂದು, ಕಂದು ಬಣ್ಣದ ಪುಡಿ ಉಳಿಸುತ್ತದೆ.

ಇದನ್ನು ಹಿಡಿಯಲು ದೊಡ್ಡ ಯಂತ್ರ ಬೇಡ. ಸಂತೆಯಲ್ಲಿ ಮಡಕೆ ಕೊಳ್ಳುವವರ ಜಾಣ್ಮೆ ಸಾಕು. ಮರದ ಸುತ್ತಿಗೆಯಿಂದ ಅಂಗೈಯಗಲ ಬಿಟ್ಟು ಬಿಟ್ಟು ತಟ್ಟುತ್ತಾ ಹೋಗಬೇಕು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಒಳಬದಿಯಿಂದ ಸಣ್ಣ ತೂತು ಕೊರೆದರೆ ಸಾಕ್ಷಿ ಕೈಗೇ ಬರುತ್ತದೆ. ತಿಳಿ ಬಣ್ಣದ ಒಣ ಹೊಟ್ಟು ಬಂದರೆ ಚಿಂತೆಯಿಲ್ಲ, ಕಪ್ಪನೆಯ ಒದ್ದೆ ಹಿಟ್ಟು ಬಂದರೆ ಬಿಚ್ಚಲೇಬೇಕು.

ಸಾಮಾನ್ಯವಾಗಿ ಹೊರ ಪದರ ಉಳಿಸಿಕೊಂಡು, ಒಳ ಪದರ ಕತ್ತರಿಸಿ, ಕೊಳೆತ ಮರವನ್ನೆಲ್ಲ ಕೆತ್ತಿ ತೆಗೆಯುತ್ತಾರೆ. ಗಾಜಿನ ಧೂಳು ಕಣ್ಣಿಗೂ ಪುಪ್ಪುಸಕ್ಕೂ ಕೆಟ್ಟದ್ದು. ಮಾಸ್ಕ್, ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸ ಬೇಡವೇ ಬೇಡ. ಆಮೇಲೆ ಕಾಯುವ ಕೆಲಸ. ಉಳಿದ ಮೈ ಪೂರ್ತಿ ಒಣಗುವ ಮುನ್ನ ಹೊಸ ಹಲಗೆ ಕೂರಿಸಿದರೆ ಹಳೆಯ ರೋಗವನ್ನು ಒಳಗಿಟ್ಟು ಹೊಲಿದಂತೆ. ಹೊಸ ಹಲಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಆಗಿರಲಿ. ಅದು ಕೂಡ ನೀರಿಗೆ ಜಗ್ಗದು ಅಂತಲ್ಲ. ಅದರ ಅಂಟು ಬಿಡುವುದಿಲ್ಲ, ಅಷ್ಟೇ. ಅಂಚುಗಳಿಗೆ ರಾಳ ಕುಡಿಸಲೇಬೇಕು. ಹಳೆಯ ಪಾಲಿಯೆಸ್ಟರ್ ರಾಳದ ಮೈಗೆ ಹೊಸ ಪಾಲಿಯೆಸ್ಟರಿಗಿಂತ ಎಪಾಕ್ಸಿ ರಾಳ ಬಿಗಿಯಾಗಿ ಅಂಟುತ್ತದೆ. ಅದೂ ಮೈಯನ್ನು ಮರಳುಕಾಗದದಿಂದ ಒರಟಾಗಿ ಉಜ್ಜಿದ ಮೇಲೆ. ಸೇರುವ ಅಂಚನ್ನು ಒಮ್ಮೆಲೇ ಕಡಿಯದೆ, ದಪ್ಪದ ಹನ್ನೆರಡು ಪಟ್ಟು ಉದ್ದದ ಇಳಿಜಾರಾಗಿ ಸವೆಸಿ, ಅದರ ಮೇಲೆ ಹೊಸ ಗಾಜಿನ ಹಾಸುಗಳನ್ನು ಒಂದೊಂದಾಗಿ ಹೊದಿಸಬೇಕು. ಆಗ ಬಲ ಒಂದೇ ಗೆರೆಯ ಮೇಲೆ ಬೀಳದೆ ಹರಡಿಕೊಳ್ಳುತ್ತದೆ.

ನಮ್ಮ ಸೀಮೆಯಲ್ಲಿ ಬೇಸಿಗೆಯ ಬಿಸಿಲು ಒಣಗಿಸಲು ವರ, ರಾಳ ಕಲಸಲು ಶಾಪ. ಗಟ್ಟಿಯಾಗುವ ಕ್ರಿಯೆಯೇ ಶಾಖ ಹುಟ್ಟಿಸುತ್ತದೆ. ಹೊರಗಿನ ಬಿಸಿ 10 ಡಿಗ್ರಿ ಏರಿದರೆ ಕೈಗೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಡಬ್ಬಿ ತುಂಬ ಕಲಸಿಟ್ಟರೆ ಹೊಗೆಯಾಡಿ ಅಲ್ಲೇ ಕಲ್ಲಾಗುತ್ತದೆ. ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಗೆ ಸುರಿದುಕೊಳ್ಳುವುದು ಒಳ್ಳೆಯದು.

ಕೊನೆಗೆ ಮತ್ತೆ ಸ್ಕ್ರೂ ತೂತು. ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಮಂದನೆಯ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಯಬೇಕು. ಆಗ ಸ್ಕ್ರೂ ಮರವನ್ನು ಮುಟ್ಟುವುದೇ ಇಲ್ಲ. ಸೀಲು ಬಿಟ್ಟರೂ ನೀರಿಗೆ ಸಿಗುವುದು ಎಪಾಕ್ಸಿ ಗೋಡೆ. ಉಜ್ಜಿನಿಯ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ತೈಲಾಭಿಷೇಕ ನಡೆಯುತ್ತದಲ್ಲ, ಹಾಗೆ ಈ ಸೀಲುಗಳನ್ನೂ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಹೊಸದು ಹಾಕಬೇಕು. ದೋಣಿಯನ್ನು ದಂಡೆಯಲ್ಲಿ ನಿಲ್ಲಿಸುವಾಗ ಮುಂಭಾಗವನ್ನು ತುಸು ಎತ್ತರಿಸಿ, ಹಿಂಬದಿಯ ತಳದ ಬಿರಡೆ ತೆಗೆದಿಟ್ಟರೆ ಮಳೆನೀರು ನಿಲ್ಲದೆ ಹರಿದುಹೋಗುತ್ತದೆ.